ಸುಳಿ ನೋಡುವ ಕೆಲಸ

ಏಳು ಮಂದಿ ಡಾಕ್ಟರರು ಸರದಿಯಲ್ಲಿ ನಿಂತು
ಒಂದೇ ಮಂಡಿಯನ್ನು ಹಿಡಿದೆಳೆದರು.
ಮಾರ್ಚಿನ ಇಂಡಿಯಾನಾಪೊಲಿಸ್, ಹೊರಗೆ ಬೂದು ಹಿಮ,
ಒಳಗೆ ಚಡ್ಡಿಯಲ್ಲಿ ಕೂತ ಹುಡುಗ ಎಮೆರಿ ಗಿಲರಿ,
ಎದೆಯ ಮೇಲೆ ನಂಬರು, ಊರು ಒಪಲೂಸಸ್, ಲೂಯಿಸಿಯಾನ.
ಎಳೆದವರೆಲ್ಲ ಕೇಳಿದ್ದು ಒಂದೇ: ನೋವಿದೆಯೇ?
ಇಲ್ಲ ಸರ್. ಇಲ್ಲ ಸರ್.
ಐದನೆಯವರ ಹೊತ್ತಿಗೆ ಇತ್ತು,
ಎಳೆದೆಳೆದು ಅವರೇ ತಂದಿಟ್ಟಿದ್ದರು.
ಇಲ್ಲ ಸರ್, ಎಂದ.

ನಾನು ಮೂಲೆಯಲ್ಲಿದ್ದೆ, ಕಾಫಿ ಆರುತ್ತಿತ್ತು.
ಇಪ್ಪತ್ತಾರು ವರ್ಷದಿಂದ ಇದೇ: ಬಾಡಿಗೆ ಕಾರು, ಮೋಟೆಲ್ಲು,
ಕಾಲೇಜು ಹುಡುಗರ ಓಟಕ್ಕೆ ಸ್ಟಾಪ್‌ವಾಚು ಒತ್ತುವುದು,
ಆಮೇಲೆ ಅವರ ಬೆನ್ನ ಹಿಂದೆ ಊರೆಲ್ಲ ವಿಚಾರಿಸುವುದು.
ಎತ್ತು ಕೊಳ್ಳುವವನು ಮೊದಲು ಹಲ್ಲು ಎಣಿಸುತ್ತಾನೆ,
ಆಮೇಲೆ ಸುಳಿ ನೋಡುತ್ತಾನೆ.
ಹಲ್ಲು ಡಾಕ್ಟರರ ಪಾಲು. ಸುಳಿ ನನ್ನದು.

ಗಿಲರಿಯ ಸುಳಿ ಕಾಗದದಲ್ಲಿ ಹೀಗಿತ್ತು:
ಎರಡನೇ ವರ್ಷ, ಕೋಚಿನ ಮೇಲೆ ಕೈ ಮಾಡಿದ, ಮೂರು ಪಂದ್ಯ ಹೊರಗೆ.
ಪಕ್ಕದಲ್ಲಿ ಯಾರದೋ ಅಕ್ಷರ: ಹೇಳಿದ ಮಾತು ಕೇಳುವವನಲ್ಲ.
ಬೆಂಕಿಯಿಲ್ಲದೆ ಹೊಗೆ ಏಳುತ್ತದೆಯೇ, ಎಂದರು ಮ್ಯಾನೇಜರು,
ಹೆಸರಿನ ಪಕ್ಕ ಕೆಂಪು ಚುಕ್ಕೆ ಅಂಟಿಸಿ.
ಬೆಂಕಿ ನೋಡಲು ಹೋದೆ. ಒಂಬೈನೂರು ಮೈಲಿ.

ಕೋಚು ಫೋನು ಎತ್ತಲಿಲ್ಲ.
ಪಾದ್ರಿ ಒಳ್ಳೆಯದನ್ನೇ ಹೇಳಿದರು, ಪಾದ್ರಿಗಳು ಹೇಳುವಂತೆ.
ಹಳೆಯ ಗೆಳತಿ ಅರೆಬಾಗಿಲು ತೆರೆದು
ನಿಮಗೆ ಬೇರೆ ಕೆಲಸವಿಲ್ಲವೇ ಎಂದಳು.
ಇದೇ ಕೆಲಸ, ಎಂದೆ. ಬಾಗಿಲು ಹಾಕಿಕೊಂಡಿತು.

ಕೊನೆಗೆ ಸಿಕ್ಕವನು ಜರ್ಸಿ ಒಗೆಯುವವನು,
ಅಲ್ಸೀಡ್ ಎನ್ನೋಣ, ಅರವತ್ತು ದಾಟಿದವನು,
ಮೆಷಿನ್ನುಗಳ ಗದ್ದಲದಲ್ಲಿ ಕೂಗಿ ಕೂಗಿ ಹೇಳಿದ:
ಆವತ್ತು ತಲೆಗೆ ಪೆಟ್ಟು ಬಿದ್ದಿದ್ದು ಇನ್ನೊಬ್ಬನಿಗೆ.
ತನ್ನ ಬೆಂಚು ಯಾವುದೆಂದು ತಿಳಿಯದೆ
ಎದುರು ತಂಡದವರ ನಡುವೆ ಹೋಗಿ ಕೂತಿದ್ದ.
ಕೋಚು ಅವನನ್ನು ಕರೆತಂದು ಹೆಲ್ಮೆಟ್ಟು ತೊಡಿಸಿದರು.
ಗಿಲರಿ ಆ ಹೆಲ್ಮೆಟ್ಟು ಕಿತ್ತು ಗ್ಯಾಲರಿಗೆ ಎಸೆದ.
ಕೈ ಮಾಡಿದ್ದು ಅಷ್ಟೇ.
ನನ್ನ ಹೆಸರು ಬರೆಯಬೇಡಿ, ಪಿಂಚಣಿಗಿನ್ನು ಹದಿನಾಲ್ಕು ತಿಂಗಳು.
ಬರೆಯಲಿಲ್ಲ.

ಏಪ್ರಿಲ್. ಗೋಡೆಯ ತುಂಬ ಆಯಸ್ಕಾಂತದ ಪಟ್ಟಿಗಳು,
ಒಂದೊಂದರ ಮೇಲೆ ಒಬ್ಬೊಬ್ಬನ ಹೆಸರು, ಎತ್ತರ, ತೂಕ.
ಎರಡನೇ ಸುತ್ತು, ನಮ್ಮ ಸರದಿ, ಗಡಿಯಾರದಲ್ಲಿ ಏಳು ನಿಮಿಷ.
ಡಾಕ್ಟರು: ಮಂಡಿ ಸವೆದಿದೆ. ನಾಲ್ಕು ವರ್ಷ ಬಂದೀತು,
ಬರದೆಯೂ ಇದ್ದೀತು.
ಲೆಕ್ಕದವನು ಲ್ಯಾಪ್‌ಟಾಪು ತಿರುಗಿಸಿ ಒಂದು ಗೆರೆ ತೋರಿಸಿದ.
ಗೆರೆ ಇಳಿಯುತ್ತಿತ್ತು.
ಮ್ಯಾನೇಜರು ನನ್ನತ್ತ ತಿರುಗಿದರು:
ಬರೀ ಮಂಡಿಯಾದರೆ ಸಹಿಸೋಣ, ಬರೀ ಗುಣವಾದರೂ ಸರಿ,
ಎರಡೂ ಸೇರಿದರೆ? ನಿನಗೇನು ಗೊತ್ತು ಹೇಳು.

ಗೊತ್ತಿತ್ತು.
ಹೇಳಿದರೆ ಕೇಳುತ್ತಾರೆ, ಯಾರು ಹೇಳಿದ್ದು?
ಆ ಹೆಸರಿಲ್ಲದಿದ್ದರೆ ಬರೀ ಗಾಳಿಮಾತು.
ಇನ್ನೂ ಒಂದು ಯೋಚನೆ ಬಂತು, ಅದನ್ನು ಬಚ್ಚಿಡಲಾರೆ:
ನಮ್ಮ ತಂಡದಲ್ಲೂ ಭಾನುವಾರಗಳಂದು
ತೂರಾಡುವವರನ್ನು ಎಬ್ಬಿಸಿ ಕಳಿಸಿದ್ದಾರೆ. ನೋಡಿದ್ದೇನೆ.
ಕಾಫಿ ಹಿಡಿದು ನೋಡಿದ್ದೇನೆ.
ಅಲ್ಲಿ ಹೆಲ್ಮೆಟ್ಟು ಎಸೆದವನು ಇಲ್ಲೂ ಎಸೆಯುತ್ತಾನೆ.
ಹಾಗೆ ನೋಡಿದರೆ ಕೆಂಪು ಚುಕ್ಕೆ ಸುಳ್ಳೇನೂ ಅಲ್ಲ.

ಹುಡುಗ ಒಳ್ಳೆಯವನು, ಎಂದೆ.
ಒಳ್ಳೆಯವನು ಎಂಬುದು ಆ ಕೋಣೆಯಲ್ಲಿ ಮಾತೇ ಅಲ್ಲ,
ಯಾರೋ ಕೆಮ್ಮಿದ ಹಾಗೆ.
ಪಟ್ಟಿ ಕೆಳಗೆ ಜಾರಿತು. ಆರನೇ ಸುತ್ತಿನಲ್ಲಿ
ಯಾರೋ ಎತ್ತಿಕೊಂಡರು, ಟಿವಿಯಲ್ಲಿ ಜಾಹೀರಾತು ಬರುವಾಗ.
ಮಂಡಿ ಹೇಗಿದೆಯೋ, ನಾನು ವಿಚಾರಿಸಿಲ್ಲ,
ವಿಚಾರಿಸುವುದೇ ಕಸುಬಾದವನು.

ಪಟ್ಟಿಗಳನ್ನು ನಾವು ಎಸೆಯುವುದಿಲ್ಲ.
ಜೂನಿನಲ್ಲಿ ತೆಗೆದು, ಒರೆಸಿ,
ಮುಂದಿನ ವರ್ಷದವರ ಹೆಸರು ಅಂಟಿಸುತ್ತಾರೆ.
ಚುಕ್ಕೆಯ ಗೋಂದು ಮಾತ್ರ ಗಟ್ಟಿ, ಉಗುರಿಗೆ ಬರುವುದಿಲ್ಲ.
ಮೊನ್ನೆ ಅಯೋವಾದ ಒಬ್ಬ ಹುಡುಗನ ಹೆಸರಿನ ಪಕ್ಕ,
ಇನ್ನೂ ಯಾರೂ ಏನೂ ಹೇಳಿರದವನು,
ನಸುಗೆಂಪು ಕಲೆ ಕಂಡು ಮ್ಯಾನೇಜರು ಕೇಳಿದರು:
ಇವನದೇನು ಕಥೆ?

ನೋಡಿ ಬರುತ್ತೇನೆ, ಎಂದೆ.
ಕಾರಿನ ಕೀಲಿ ಜೇಬಿನಲ್ಲೇ ಇತ್ತು.